ಹತ್ತಕ್ಕೆ ನಿಲ್ಲದ ಪಾದ

ಅಕ್ಕನ ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ಹುರಿದ ಹುರುಳಿಯ ಬಣ್ಣದ ಗಟ್ಟಿ ಚರ್ಮವಿತ್ತು. ಪಕ್ಕದ ಬೆರಳು ಹೆಬ್ಬೆರಳಿಗಿಂತ ಉದ್ದ. ಅದರ ನಡುಗಂಟು ಬಾಗಿ ಮೇಲೆದ್ದು, ಬೆಳ್ಳಿಯ ಕಾಲುಂಗುರ ಆ ಗಂಟನ್ನು ದಾಟಿ ಹೊರಬರಲಾರದೆ ಬುಡದಲ್ಲೇ ಸಿಕ್ಕಿಕೊಂಡಿತ್ತು. ನಾನು ಆ ಕಾಲುಗಳನ್ನು ಮೊದಲು ನೋಡಿದ್ದು ಟೊರಾಂಟೊ ಪಕ್ಕದ ಮಾಲ್ಟನ್ನಿನ ಮನೆಯ ಬೇಸ್‌ಮೆಂಟಿನಲ್ಲಿ, ಬಟ್ಟೆ ಒಗೆಯುವ ಮಶೀನಿನ ಪಕ್ಕ. ಶಿಫ್ಟು ಮುಗಿಸಿ ಬಂದವರು ಸೀದಾ ಕೆಳಗಿಳಿದು, ಬಕೆಟ್ಟಿಗೆ ಬಿಸಿನೀರು ತುಂಬಿ, ಒಂದು ಹಿಡಿ ಉಪ್ಪು ಹಾಕಿ, ಕಾಲು ಇಳಿಬಿಟ್ಟು ಕಣ್ಣು ಮುಚ್ಚುತ್ತಿದ್ದರು. ಬಕೆಟ್ಟಿನಲ್ಲೂ ಆ ಪಾದ ಚಪ್ಪಟೆಯಾಗಿ ಕೂರುತ್ತಿರಲಿಲ್ಲ, ಓರೆಯಾಗಿ ನಿಲ್ಲುತ್ತಿತ್ತು.

ಅವರು ನನ್ನ ಒಡಹುಟ್ಟಿದವರಲ್ಲ, ಹುಬ್ಬಳ್ಳಿಯವರು. ಮನೆ ಅವರದು, ಬೇಸ್‌ಮೆಂಟು ನಮಗೆ ಬಾಡಿಗೆಗೆ. ತೊಂಬತ್ತರ ದಶಕದ ನಡುವಿನಲ್ಲಿ ನಾನೂ ನನ್ನ ಗಂಡನೂ ಮೈಸೂರಿನಿಂದ ಬಂದು ಅಲ್ಲಿ ಸೇರಿದಾಗ ಅವರಿಗೆ ಐವತ್ತರ ಹತ್ತಿರ. ಅವರ ಯಜಮಾನರು ವಿಮಾನ ನಿಲ್ದಾಣದಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದರು. ಅಕ್ಕ ಹತ್ತಿರದ ವಾನ್ ಊರಿನ ಒಂದು ವೇರ್‌ಹೌಸಿನಲ್ಲಿ ಶಾಂಪೂ, ಸೋಪಿನ ಪೆಟ್ಟಿಗೆಗಳನ್ನು ಆರಿಸಿ ಗಾಡಿಗೆ ಜೋಡಿಸುತ್ತಿದ್ದರು. ಕಾಂಕ್ರೀಟು ನೆಲದ ಮೇಲೆ ದಿನಕ್ಕೆ ಎಂಟು ಗಂಟೆ ನಡಿಗೆ. ಅಲ್ಲಿ ಎಲ್ಲರೂ ಹಾಕುತ್ತಿದ್ದದ್ದು ರನ್ನಿಂಗ್ ಶೂ. ಅಕ್ಕನ ಪಾದಕ್ಕೆ ಹೆಂಗಸರ ಹನ್ನೆರಡನೇ ನಂಬರು ಬೇಕಿತ್ತು; ಅಂಗಡಿಗಳಲ್ಲಿ ಹೆಂಗಸರ ನಂಬರು ಹತ್ತಕ್ಕೆ ಮುಗಿದುಹೋಗುತ್ತಿತ್ತು. ಹಾಗಾಗಿ ಅವರು ಗಂಡಸರ ಶೂ ಹಾಕುತ್ತಿದ್ದರು. ಉದ್ದ ಸರಿಹೋದರೂ ಹಿಮ್ಮಡಿಯ ಹತ್ತಿರ ಸಡಿಲ. ಜಾರದಿರಲೆಂದು ಎರಡು ಜೊತೆ ಕಾಲುಚೀಲ ಹಾಕಿ ಲೇಸು ಬಿಗಿದರೆ ಬೆರಳುಗಳು ಮುಂದಕ್ಕೆ ಹೋಗಿ ಗುದ್ದಿಕೊಳ್ಳುತ್ತಿದ್ದವು. ಉಗುರು ಹೋದದ್ದು ಹಾಗೆ.

ನನ್ನದು ಹನ್ನೊಂದು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಮೈಸೂರಿನಲ್ಲಿ ಗಂಡಿನ ಕಡೆಯವರು ನೋಡಲು ಬಂದ ದಿನ ಅಮ್ಮ ಸೀರೆಯ ನಿರಿಗೆಯನ್ನು ಎರಡು ಬೆರಳು ಕೆಳಗೆ ಎಳೆದು, ಕಾಲು ಒಳಗಿಟ್ಟುಕೊಂಡೇ ಕೂತಿರು ಎಂದಿದ್ದಳು. ಅಂದಿನಿಂದ ನಾನು ಕಾಲು ಒಳಗಿಟ್ಟುಕೊಂಡೇ ಬದುಕಿದ್ದೆ. ಟೊರಾಂಟೊಗೆ ಬಂದ ಮೇಲೆ ಹತ್ತನೇ ನಂಬರಿನ ಶೂ ಕೊಂಡು, ಬೆರಳು ಮಡಿಸಿ ತೂರಿಸಿಕೊಂಡು ಆಫೀಸಿಗೆ ಹೋಗುತ್ತಿದ್ದೆ. ಮೊದಲ ವಾರವೇ ಅಕ್ಕ ನಾನು ಮೆಟ್ಟಿಲು ಇಳಿಯುವುದನ್ನು ನೋಡಿ ನಂಬರು ಕೇಳಿದರು. ಹತ್ತು ಎಂದೆ.

“ಸುಳ್ಳ ಹೇಳಬ್ಯಾಡ ತಂಗಿ. ಹತ್ತರಾಕಿ ಹಿಂಗ ಇಳಿಯಂಗಿಲ್ಲ,” ಎಂದು ಬಕೆಟ್ಟನ್ನು ನನ್ನತ್ತ ನೂಕಿದರು.

ಅವರು ಜಗಳಗಂಟಿ ಎಂದು ನಮ್ಮ ಕನ್ನಡದವರ ನಡುವೆ ಹೆಸರಾಗಿತ್ತು. ಹಬ್ಬದ ಊಟದಲ್ಲಿ ಹೆಂಗಸರ ಸರದಿ ತಡವಾದರೆ ಎದ್ದುನಿಂತು ಕೇಳುವವರು ಅವರೊಬ್ಬರೇ. ಕೂತು ಮಾತಾಡಿದ್ದು ಬಕೆಟ್ಟಿನಲ್ಲಿ ಕಾಲಿಟ್ಟಾಗ ಮಾತ್ರ. ಈ ದೇಶದ ಶಿಷ್ಟಾಚಾರದ ಮೇಲೆ ಅವರಿಗೊಂದು ದೂರಿತ್ತು: “ಇಲ್ಲಿ ಎಲ್ಲಾರೂ ಸಾರಿ ಅಂತಾರ. ತಪ್ಪು ಮಾಡಿದಾವ ಒಬ್ಬನ ಅನ್ನಂಗಿಲ್ಲ.”

ನಾವು ಬಂದ ಮೂರನೇ ವರ್ಷ, ಸೆಪ್ಟೆಂಬರಿನಲ್ಲಿ, ಅಕ್ಕ ವೇರ್‌ಹೌಸಿನ ಎರಡು ಮೆಟ್ಟಿಲಿನ ಸ್ಟೂಲಿನಿಂದ ಬಿದ್ದರು. ಇಳಿಯುವಾಗ ಹಿಮ್ಮಡಿ ಶೂನಿಂದ ಹೊರಬಂತು, ಶೂ ಸ್ಟೂಲಿನ ಮೇಲೆಯೇ ಉಳಿಯಿತು, ಅಕ್ಕ ನೆಲಕ್ಕೆ. ಎಡ ಮಣಿಕಟ್ಟು ಮುರಿಯಿತು. ಆಸ್ಪತ್ರೆಯಿಂದ ಕೈಗೆ ಪ್ಲಾಸ್ಟರು ಹಾಕಿಸಿಕೊಂಡು ಬಂದ ಮರುದಿನ ಸೂಪರ್‌ವೈಸರು ಕರೆದು ಒಂದು ಕಾಗದ ಮುಂದಿಟ್ಟ. ಅಳತೆಗೆ ಸರಿಯಲ್ಲದ, ಗಂಡಸರ ಪಾದರಕ್ಷೆ ಹಾಕಿಕೊಂಡದ್ದೇ ಬೀಳಲು ಕಾರಣ, ತಪ್ಪು ಕೆಲಸಗಾರ್ತಿಯದು ಎಂದು ಅದರಲ್ಲಿ ಬರೆದಿತ್ತು. ಸಹಿ ಮಾಡಬೇಕು, ಕೈ ವಾಸಿಯಾದ ಮೇಲೆ ಅಳತೆಗೆ ಸರಿಯಾದ ಶೂ ಹಾಕಿಕೊಂಡು ಬಂದರೆ ಮಾತ್ರ ಒಳಗೆ ಬಿಡುವುದು ಎಂದ. ಹೆಂಗಸರ ಶೂ ಆ ಅಳತೆಯಲ್ಲಿ ಸಿಗುವುದೇ ಇಲ್ಲ ಎಂದು ಅಕ್ಕ ಹೇಳಿದ್ದಕ್ಕೆ, ಇಲ್ಲಿ ಇಷ್ಟೊಂದು ಹೆಂಗಸರಿದ್ದಾರೆ, ಯಾರಿಗೂ ಇಲ್ಲದ ತೊಂದರೆ ನಿನಗೊಬ್ಬಳಿಗೇ ಹೇಗೆ ಎಂದು ಕೇಳಿದನಂತೆ.

ಅಕ್ಕ ಸಹಿ ಮಾಡಲಿಲ್ಲ. ಆ ಕಾಗದದ ನಕಲನ್ನು ನನ್ನ ಕೈಗೆ ಕೊಟ್ಟು, ಪ್ರತಿ ಸಾಲನ್ನೂ ಕನ್ನಡದಲ್ಲಿ ಹೇಳಿಸಿಕೊಂಡರು. ಎರಡು ಸಲ.

“ಅಂಗಡ್ಯಾವ ಗಂಡಸರದು ಹಾಕ್ಕೊ ಅಂತಾನ. ಇಂವ ಗಂಡಸರದು ಯಾಕ ಹಾಕ್ಕೊಂಡಿ ಅಂತಾನ. ನಾ ಏನು ಕಾಲು ಕಡಕೊಂಡು ಬರಲೇನು?”

ನಾನು ಆಗಷ್ಟೇ ಲೈಸೆನ್ಸು ತೆಗೆದುಕೊಂಡಿದ್ದೆ. ಪ್ರತಿ ಶನಿವಾರ ನನ್ನ ಹಳೇ ಕಾರಿನಲ್ಲಿ ಇಬ್ಬರೂ ಹೊರಡುತ್ತಿದ್ದೆವು. ಎಷ್ಟು ಮಾಲುಗಳು, ಎಷ್ಟು ಅಂಗಡಿಗಳು ಎಂದು ಈಗ ಲೆಕ್ಕ ಸಿಗುವುದಿಲ್ಲ. ಗೋಡೆಯ ತುಂಬ ಶೂಗಳು. ಓಡಲು ಒಂದು, ನಡೆಯಲು ಒಂದು, ಟೆನಿಸ್ಸಿಗೆ ಒಂದು, ಏನೂ ಮಾಡದೆ ಕೂತಿರಲು ಇನ್ನೊಂದು. ನಂಬರು ಹೇಳಿದ ಕೂಡಲೇ ಮಾರುವವರ ಮುಖದಲ್ಲಿ ಅದೇ ನಗು. ಒಬ್ಬಳು ನಮ್ಮೆದುರೇ ತನ್ನ ಜೊತೆಗಾರಳನ್ನು ಕೂಗಿ ಕರೆದು ಅಕ್ಕನ ಪಾದ ತೋರಿಸಿದಳು. ಇನ್ನೊಂದು ಕಡೆ, ಯಜಮಾನರಿಗೆ ಬೇಕಾದರೆ ಗಂಡಸರ ವಿಭಾಗ ಆಚೆ ಇದೆ ಎಂದರು. ಮಿಸ್ಸಿಸಾಗದ ಒಂದು ದೊಡ್ಡ ಅಂಗಡಿಯಲ್ಲಿ ಮ್ಯಾನೇಜರೇ ಬಂದು, ಗಂಡಸರ ಶೂ ತೆಗೆದುಕೊಳ್ಳಿ, ಗುಲಾಬಿ ಬಣ್ಣದ ಲೇಸು ಪುಕ್ಕಟೆ ಕೊಡುತ್ತೇನೆ, ಆಗ ಅದು ಹೆಂಗಸರದ್ದೇ ಅನ್ನಿಸುತ್ತದೆ ಎಂದ. ಅವನು ಅದನ್ನು ಉಪಕಾರ ಎಂದುಕೊಂಡೇ ಹೇಳಿದ. ನನಗೆ ಇವತ್ತಿಗೂ ಮೈ ಉರಿಯುವುದು ಅದಕ್ಕೇ.

ನಾನು ಅಕ್ಕನ ತೋಳು ಹಿಡಿದು ಹೊರಗೆ ಎಳೆಯುತ್ತಿದ್ದೆ. ಅವರು ಬರುತ್ತಿರಲಿಲ್ಲ. ತಮ್ಮ ಇಂಗ್ಲಿಷಿನಲ್ಲಿ ಅವನನ್ನು ಕೇಳಿದರು: “ವೈ ಓನ್ಲಿ ಟೆನ್? ಗಾಡ್ ಸ್ಟಾಪ್ ಅಟ್ ಟೆನ್?”

ದೇವರು ಹತ್ತಕ್ಕೇ ನಿಲ್ಲಿಸಿದನೇ ಎಂದು. ಕೇಳುವವರಿಲ್ಲ, ಅದಕ್ಕೇ ತರಿಸುವುದಿಲ್ಲ ಎಂದ. ನಾವು ಕೇಳುತ್ತ ಅವನೆದುರೇ ನಿಂತಿದ್ದೆವು.

ಕಾರಿನಲ್ಲಿ ಅಕ್ಕ ಶೂ ಕಳಚಿ ಬೆರಳು ನೀವಿಕೊಂಡರು. ಆಮೇಲೆ ತಮ್ಮ ಊರಿನ ಚಪ್ಪಲಿ ಹೊಲಿಯುವವನ ಮಾತು ತೆಗೆದರು. ಅವನು ಕಾಗದದ ಮೇಲೆ ಕಾಲಿಡಿಸಿ, ಸುತ್ತ ಗೆರೆ ಎಳೆದು ಅಳತೆ ತೆಗೆದುಕೊಳ್ಳುತ್ತಿದ್ದನಂತೆ. “ಊರಾಗ ಕಾಲು ನೋಡಿ ಚಪ್ಪಲಿ ಮಾಡತಿದ್ರು. ಇಲ್ಲೆ ಚಪ್ಪಲಿ ನೋಡಿ ಕಾಲು ಮಾಡ್ಕೊ ಅಂತಾರ.” ಅಷ್ಟು ಹೇಳಿ, ನಾಡಿದ್ದು ಸೋಮವಾರ ಮಧ್ಯಾಹ್ನ ಆಫೀಸಿಗೆ ರಜೆ ಹಾಕು ಎಂದರು.

ಸೋಮವಾರ ಊಟದ ಹೊತ್ತಿಗೆ ನಾವು ವೇರ್‌ಹೌಸಿನ ಪಾರ್ಕಿಂಗ್ ಲಾಟಿನಲ್ಲಿದ್ದೆವು. ಒಳಗೆ ಬಿಡುವುದಿಲ್ಲ ಎಂದಿದ್ದರಲ್ಲ, ಅಕ್ಕ ಹೊರಗೇ ನಿಂತರು. ಖಾಲಿ ಪೆಟ್ಟಿಗೆಗಳನ್ನು ಬಿಚ್ಚಿ ಚಪ್ಪಟೆ ಮಾಡಿ ಡಾಂಬರಿನ ಮೇಲೆ ಹಾಸಿದ್ದೆವು. ಅಕ್ಟೋಬರಿನ ಗಾಳಿ, ಥಂಡಿ. ಸಿಗರೇಟು ಸೇದಲು, ಊಟ ಮಾಡಲು ಹೊರಬಂದ ಹೆಂಗಸರನ್ನೆಲ್ಲ ಅಕ್ಕ ಕರೆದು, ಶೂ ಬಿಚ್ಚಿ ಈ ರಟ್ಟಿನ ಮೇಲೆ ಕಾಲಿಡಿ ಎಂದರು. ಮೊದಲು ಎಲ್ಲರೂ ನಕ್ಕರು. ಆಮೇಲೆ ಎತ್ತರದ ಜಮೈಕಾದ ಹೆಂಗಸೊಬ್ಬಳು ಶೂ ಬಿಚ್ಚಿದಳು. ಅವಳದೂ ಗಂಡಸರದ್ದೇ. ಹಿಂದೆ ಒಬ್ಬ ಪೋಲೆಂಡಿನವಳು, ಇಬ್ಬರು ಪಂಜಾಬಿನವರು. ಅಕ್ಕನ ಕೈಗೆ ಪ್ಲಾಸ್ಟರು ಇದ್ದುದರಿಂದ ನಾನೇ ಮೊಣಕಾಲೂರಿ ಮಾರ್ಕರಿನಿಂದ ಗೆರೆ ಎಳೆಯುತ್ತ ಹೋದೆ. ಗುಳ್ಳೆ ಎದ್ದ ಹಿಮ್ಮಡಿಗಳು, ಒಂದರ ಮೇಲೊಂದು ಹತ್ತಿದ ಬೆರಳುಗಳು, ಕಪ್ಪಾದ ಉಗುರುಗಳು. ಒಬ್ಬೊಬ್ಬರೂ ಅದನ್ನೇ ಹೇಳಿದರು: ಈ ತೊಂದರೆ ತನಗೊಬ್ಬಳಿಗೇ ಅಂದುಕೊಂಡಿದ್ದೆ ಎಂದು.

ಅಕ್ಕನದೂ ಸೇರಿ ಹತ್ತಕ್ಕಿಂತ ದೊಡ್ಡ ಪಾದಗಳು ಹದಿನಾಲ್ಕಾದವು. ನಾನು ಮಾರ್ಕರಿಗೆ ಮುಚ್ಚಳ ಹಾಕಿದೆ.

“ನಿಂದೂ ಇಡು,” ಎಂದರು ಅಕ್ಕ.

ನಾನು ಇಲ್ಲಿ ಕೆಲಸ ಮಾಡುವವಳಲ್ಲವಲ್ಲ ಎಂದೆ. ಅವರು ಮಾರ್ಕರನ್ನು ಬಲಗೈಯಲ್ಲಿ ಕಿತ್ತುಕೊಂಡು, ಕಷ್ಟಪಟ್ಟು ಕೂತರು. ಅಷ್ಟು ಜನರೆದುರು ನಾನು ಶೂ ಬಿಚ್ಚಿದೆ, ಕಾಲುಚೀಲ ತೆಗೆದೆ. ಯಾರೂ ನಗಲಿಲ್ಲ. ಆ ಜಮೈಕಾದ ಹೆಂಗಸು ನನ್ನ ಮಡಿಸಿದ ಬೆರಳುಗಳನ್ನು ನೋಡಿ ಲೊಚಗುಟ್ಟಿದಳು, ಅಷ್ಟೇ. ಅಕ್ಕನ ಮಾರ್ಕರು ನಿಧಾನವಾಗಿ ನನ್ನ ಪಾದ ಸುತ್ತಿ ಬಂತು. ಹದಿನೈದು.

ಆ ರಟ್ಟಿನ ಪಾದಗಳನ್ನು ನಾನು ಎರಡೆರಡು ಪ್ರತಿ ಕತ್ತರಿಸಿದೆ; ಅಕ್ಕ ಒಂದು ಕಟ್ಟನ್ನು ಸೂಪರ್‌ವೈಸರನ ಮೇಜಿಗೆ ಕಳಿಸಿದರು. ಇನ್ನೊಂದು ಕಟ್ಟನ್ನು ಹಿಡಿದು ಮುಂದಿನ ಶನಿವಾರ ಎಟೋಬಿಕೋದ ಒಂದು ಸಣ್ಣ ಅಂಗಡಿಗೆ ಹೋದೆವು. ಓಟಗಾರರಿಗೆ ಶೂ ಮಾರುವ ಅಂಗಡಿ. ದಪ್ಪ ಕನ್ನಡಕದ, ವಯಸ್ಸಾದ ಮಾಲೀಕ, ಒಂದು ಕಾಲದಲ್ಲಿ ತಾನೂ ಓಡುತ್ತಿದ್ದವನು. ಅವನೂ ಮೊದಲು ಅದೇ ಪಾಠ ಒಪ್ಪಿಸಿದ, ಕೇಳುವವರಿಲ್ಲ ಎಂದು. ಅಕ್ಕ ಬಾಗಿಲಿನಿಂದ ಅವನ ಕೌಂಟರಿನವರೆಗೆ ರಟ್ಟಿನ ಪಾದಗಳನ್ನು ಒಂದರ ಮುಂದೆ ಒಂದು ಇಡುತ್ತ ಹೋದರು. ಆಮೇಲೆ ನನಗೆ, ಇವನಿಗೆ ಸರಿಯಾಗಿ ತಿಳಿಸು ಎಂದರು.

“ಕೇಳಿದ ಹೆಂಗಸರನ್ನೆಲ್ಲಾ ಗಂಡಸರ ಕಡೆ ಕಳಿಸ್ತೀರಿ. ಬಿಲ್ಲಿನ್ಯಾಗ ಗಂಡಸರ ಶೂ ಅಂತ ಬರೀತೀರಿ. ಮತ್ತ ಹೆಂಗಸರು ಕೇಳೂದ ಇಲ್ಲ ಅಂತೀರಿ. ನಾವು ಹೆಂಗ ಕಾಣಬೇಕು ನಿಮಗ?”

ನಾನು ಅದನ್ನು ಇಂಗ್ಲಿಷಿಗೆ ತಂದೆ. ಮೆತ್ತಗೆ ಮಾಡಲಿಲ್ಲ. ಆತ ಕನ್ನಡಕ ತೆಗೆದು ಒರೆಸಿಕೊಂಡು, ಬಗ್ಗಿ ಪ್ರತಿ ಪಾದವನ್ನೂ ಅಳೆದ. ಕೊನೆಗೆ ಹೇಳಿದ್ದೇನೆಂದರೆ, ಒಂದು ಕಂಪನಿ ಹೆಂಗಸರ ಹದಿಮೂರರವರೆಗೂ ಮಾಡುತ್ತದೆ, ಹಿಮ್ಮಡಿ ಕಿರಿದಾಗಿಯೇ. ಆದರೆ ಕನಿಷ್ಠ ಒಂದು ಡಜನ್ ತರಿಸಬೇಕು, ಯಾವ ಅಂಗಡಿಯೂ ತರಿಸುವುದಿಲ್ಲ, ತಾನೂ ತರಿಸಿರಲಿಲ್ಲ. ಹದಿನೈದು ಜೊತೆಗೆ ಆರ್ಡರು ಹಾಕುತ್ತೇನೆ ಎಂದ. ಮತ್ತು ಸಾರಿ ಎಂದ. ಅಕ್ಕ ಅವನ ಮುಖ ನೋಡಿದರು, ತಲೆಯಾಡಿಸಿದರು.

ಶೂ ಬಂದದ್ದು ಡಿಸೆಂಬರಿನಲ್ಲಿ. ಬೂದು ಬಣ್ಣದ ಹನ್ನೆರಡನೇ ನಂಬರನ್ನು ಮಾಲೀಕನೇ ನೆಲದ ಮೇಲೆ ಕೂತು ತೊಡಿಸಿ ಲೇಸು ಕಟ್ಟಿದ. ಅಕ್ಕ ಎದ್ದು ನಿಂತರು. ನಾಲ್ಕು ಹೆಜ್ಜೆ ನಡೆದರು. ಬಾಗಿಲು ತೆಗೆದು ಹೊರಗೆ ಹೋದರು. ಸಲ್ವಾರಿನ ಮೇಲೆ ಯಜಮಾನರ ದಪ್ಪ ಕೋಟು ತೊಟ್ಟ ಐವತ್ತು ದಾಟಿದ ಹೆಂಗಸು ಹಿಮ ಗುಡಿಸಿದ ಫುಟ್‌ಪಾತಿನ ಮೇಲೆ, ಬೀದಿಯ ತುದಿಯವರೆಗೆ ಓಡಿ, ತಿರುಗಿ ಓಡಿಬಂದರು. ನಾನು ನಗುತ್ತ ಕಾಯುತ್ತಿದ್ದೆ. ಹತ್ತಿರ ಬಂದಾಗ ನೋಡಿದರೆ ಅವರು ಅಳುತ್ತಿದ್ದರು, ಮತ್ತು ಅದು ಸಂತೋಷದ ಅಳುವಾಗಿರಲಿಲ್ಲ.

“ಇಷ್ಟ ಸಸಾರ ಇತ್ತೇನು ಇದು? ಮತ್ತ ಇಷ್ಟು ವರ್ಷ ನನ್ನ ಯಾಕ ನೋಯಿಸಿದ್ರು ಇವರು?”

ಅವರ ಬೆರಳುಗಳು ಮತ್ತೆ ನೇರವಾಗುವುದಿಲ್ಲ ಎಂದು ಡಾಕ್ಟರು ಆಮೇಲೆ ಹೇಳಿದರು.

ಹೊಸ ವರ್ಷದ ಮೊದಲ ವಾರ ಅಕ್ಕ ಕೆಲಸಕ್ಕೆ ವಾಪಸಾದರು, ಜೊತೆಗೆ ಹದಿಮೂರು ಹೆಂಗಸರೂ ಬೂದು ಶೂ ಹಾಕಿಕೊಂಡು. ಸೂಪರ್‌ವೈಸರು ಕ್ಷಮೆ ಕೇಳಲಿಲ್ಲ. ಸಹಿ ಇಲ್ಲದ ಆ ಕಾಗದವನ್ನು ಹರಿಯಲೂ ಇಲ್ಲ. ತಪ್ಪು ಕೆಲಸಗಾರ್ತಿಯದು ಎಂಬ ಸಾಲು ಅಕ್ಕ ರಿಟೈರಾಗುವವರೆಗೂ ಫೈಲಿನಲ್ಲಿ ಹಾಗೇ ಇತ್ತು. ಅಕ್ಕ ವರ್ಷಕ್ಕೊಂದು ಸಲ ಹೋಗಿ, ಅದು ಇನ್ನೂ ಇದೆಯೇ ಎಂದು ಕೇಳಿ, ತೆಗೆಯಿರಿ ಎಂದು ಹೇಳಿ ಬರುತ್ತಿದ್ದರು. ಯಾಕೆ ಸುಮ್ಮನೆ ಆಯಾಸ ಎಂದು ನಾನೊಮ್ಮೆ ಕೇಳಿದ್ದಕ್ಕೆ, “ಸುಮ್ಮನಿದ್ರ ಒಪ್ಪಿದಾಳ ಅಂತ ತಿಳ್ಕೊಂತಾರ,” ಎಂದರು.

ನಾವು ಬೇಸ್‌ಮೆಂಟು ಬಿಟ್ಟು ಬ್ರಾಂಪ್ಟನ್ನಿನಲ್ಲಿ ಮನೆ ಮಾಡಿದೆವು. ಶನಿವಾರಗಳು ಮಾತ್ರ ಹಾಗೇ ಉಳಿದವು. ಬೆಳಿಗ್ಗೆ ನಾನು ಮಾಲ್ಟನ್ನಿಗೆ ಹೋಗಿ ಅವರನ್ನು ಕರೆದುಕೊಂಡು ಸರೋವರದ ದಂಡೆಗೆ ಹೋಗುತ್ತಿದ್ದೆ. ಅಕ್ಕ ಸ್ವಲ್ಪ ದೂರ ಓಡುತ್ತಿದ್ದರು, ಸ್ವಲ್ಪ ದೂರ ನಡೆಯುತ್ತಿದ್ದರು. ಎರಡು ಸಾವಿರದ ಆರರ ವಸಂತದಲ್ಲಿ ಪಾರ್ಶ್ವವಾಯು ಬಡಿದು, ಐದನೇ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು.

ಅಂತ್ಯಕ್ರಿಯೆಯ ಸಭಾಂಗಣದಲ್ಲಿ ಅವರನ್ನು ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಇಲ್ಲಿನ ಪದ್ಧತಿಯಂತೆ ಮೇಲಿನ ಅರ್ಧ ಮುಚ್ಚಳ ತೆರೆದು, ಕೆಳಗಿನ ಅರ್ಧ ಮುಚ್ಚಿದ್ದರು. ಮುಖ ಕಾಣುತ್ತಿತ್ತು, ಹಣೆಗೆ ವಿಭೂತಿ ಇತ್ತು. ನಮ್ಮವರು ಒಬ್ಬೊಬ್ಬರೇ ಬಂದು, ಕಾಲು ಮುಟ್ಟಲು ಬಗ್ಗಿ, ಕಾಲು ಸಿಗದೆ ಮರದ ಮುಚ್ಚಳವನ್ನು ಮುಟ್ಟಿ ಹೋಗುತ್ತಿದ್ದರು. ನಾನು ಅಲ್ಲಿನ ಕೋಟು ತೊಟ್ಟ ನೌಕರನ ಹತ್ತಿರ ಹೋಗಿ, ಕೆಳಗಿನ ಮುಚ್ಚಳವನ್ನೂ ತೆಗೆಯಿರಿ ಎಂದೆ. ಅದನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ ಎಂದ, ಬಹಳ ವಿನಯದಿಂದ. ನಾನು ಮತ್ತೆ ಹೇಳಿದೆ. ಪಾದಗಳನ್ನು ಸಿದ್ಧಪಡಿಸಿಲ್ಲ, ನೋಡಲು ಅಷ್ಟು ಚೆನ್ನಾಗಿರುವುದಿಲ್ಲ ಎಂದ.

“ಅವು ಚೆನ್ನಾಗೇ ಇವೆ. ತೆಗೀರಿ,” ಎಂದೆ.

ನೆರೆದವರೆಲ್ಲ ತಿರುಗಿ ನೋಡಿದರು. ನನ್ನ ದನಿ ಅಷ್ಟು ದೊಡ್ಡದು ಎಂದು ನನಗೇ ಗೊತ್ತಿರಲಿಲ್ಲ. ಯಜಮಾನರು ಮೂಲೆಯಿಂದ ಎದ್ದುಬಂದು ನನ್ನ ಪಕ್ಕ ನಿಂತರು. ನೌಕರ ಮುಚ್ಚಳ ಎತ್ತಿದ. ವೇರ್‌ಹೌಸಿನ ಹೆಂಗಸರು ಸಾಲಾಗಿ ಬಂದರು. ಕಾಲು ಮುಟ್ಟುವ ರೂಢಿಯಿಲ್ಲದವರೂ ನಮ್ಮವರನ್ನು ನೋಡಿ ಹಾಗೇ ಮಾಡಿದರು. ಕೊನೆಗೆ ನಾನು ಹೋಗಿ ಅಕ್ಕನ ಎರಡೂ ಪಾದಗಳ ಮೇಲೆ ಹಣೆ ಇಟ್ಟೆ.