ತರಕಾರಿ ಸಂತೆಗೆ ನೂರೆಂಬತ್ತು ಕುದುರೆ

ಏಳು ವರ್ಷ ನನ್ನ ಬಳಿ ನೂರೆಂಬತ್ತು ಕುದುರೆಗಳಿದ್ದವು ಎಂದರೆ ನಾಗಪುರದ ಲಕ್ಷ್ಮೀ ನಗರದಲ್ಲಿ ನಮ್ಮ ಓಣಿಯವರು ಯಾರೂ ನಂಬುವುದಿಲ್ಲ. ಅವರಿಗೆ ಗೊತ್ತಿರುವುದು ಇಷ್ಟೇ: ಈ ಬ್ಯಾಂಕಿನವರ ಹತ್ತಿರ ಒಂದು ಕೆಂಪು ಕಾರಿದೆ, ಅದರ ಮೇಲೆ ಸದಾ ಅವರ ಹೆಂಡತಿಯ ಹಳೆಯ ಸೀರೆ ಹೊದಿಸಿರುತ್ತದೆ, ಭಾನುವಾರ ಬೆಳಗ್ಗೆ ಸೀರೆ ತೆಗೆದು ಅದು ಮೆಂತ್ಯ ಪಲ್ಲೆ ತರಲು ಹೋಗುತ್ತದೆ.

ಆದರೆ ಅದು ಮೆಂತ್ಯ ಪಲ್ಲೆಯ ಕಾರಾಗಿರಲಿಲ್ಲ. ನೋಡಲು ಗಿಡ್ಡಗೆ, ದುಂಡಗೆ, ಮಾಮೂಲಿ ಮನೆಗಾಡಿಯಂತೆಯೇ ಇದ್ದರೂ ಒಳಗೆ ನೂರೆಂಬತ್ತು ಅಶ್ವಶಕ್ತಿಯ ಟರ್ಬೊ ಇಂಜಿನ್ ಇತ್ತು, ಕೆಳಗೆ ನೆಲಕ್ಕೆ ತಾಗುವಂತೆ ಇಳಿಸಿದ ಮೈ ಇತ್ತು, ಹಿಂದೆ ಎರಡು ಹೊಗೆಕೊಳವೆಗಳಿದ್ದವು. ನಾನು ಮೂವತ್ತು ವರ್ಷ ಬ್ಯಾಂಕಿನಲ್ಲಿ ಬೇರೆಯವರ ಕಾರುಗಳಿಗೆ ಸಾಲ ಮಂಜೂರು ಮಾಡಿದವನು. ಇಂಥ ಕಾರಿಗೆ ಸಾಲ ಕೇಳಲು ಬರುತ್ತಿದ್ದ ಹುಡುಗರ ಕಣ್ಣಿನ ಹೊಳಪನ್ನು ಮೇಜಿನ ಈಚೆಯಿಂದ ನೋಡಿ ನೋಡಿ, ಐವತ್ತು ದಾಟಿದ ಮೇಲೆ ನನಗೂ ಆ ಸೋಂಕು ತಗುಲಿತು. ಹಿಂದಿನ ಕಾಲದಲ್ಲಿ ಇಷ್ಟು ಕುದುರೆ ಇದ್ದವನು ಪಕ್ಕದ ಸೀಮೆಯ ಮೇಲೆ ದಂಡೆತ್ತಿ ಹೋಗುತ್ತಿದ್ದನು. ನಾನು ಕೈಯಲ್ಲಿ ಚೀಲ ಹಿಡಿದುಕೊಂಡು ಸಂತೆಗೆ ಹೋದೆ.

ಇದಕ್ಕೆ ನಾನೊಬ್ಬನೇ ಕಾರಣನಲ್ಲ. ನಮ್ಮ ಓಣಿಯಲ್ಲಿ ಪ್ರತಿ ಮನೆಯವರೂ ತಮ್ಮ ತಮ್ಮ ಗೇಟಿನ ಮುಂದೆ ಸ್ವಂತ ಅಭಿರುಚಿಗೆ ತಕ್ಕಂತೆ ಸಿಮೆಂಟಿನ ದಿಬ್ಬ ಕಟ್ಟಿಸಿದ್ದಾರೆ. ತಗ್ಗಿನ ಕಾರು ಅವುಗಳ ಮೇಲೆ ನೇರವಾಗಿ ಹೋದರೆ ಹೊಟ್ಟೆ ಕೆರೆಯುತ್ತದೆ. ಹಾಗಾಗಿ ಪ್ರತಿ ದಿಬ್ಬವನ್ನೂ ಓರೆಯಾಗಿ, ಒಂದೊಂದೇ ಗಾಲಿ ಹತ್ತಿಸಿ ಇಳಿಸಬೇಕು. ನಾನು ಓಣಿ ದಾಟುವಷ್ಟರಲ್ಲಿ ಸೈಕಲ್ ಮೇಲಿನ ಹಾಲಿನವನು ನನ್ನನ್ನು ಹಿಂದೆ ಹಾಕಿ, ಸಹಾನುಭೂತಿಯಿಂದ ತಿರುಗಿ ನೋಡುತ್ತಿದ್ದ.

ಇನ್ನೊಂದು ಕಾರಣ ನನ್ನ ಪಕ್ಕದಲ್ಲೇ ಕೂತಿರುತ್ತಿತ್ತು. ನನ್ನ ಹೆಂಡತಿ ಶಕುಂತಲಾ ಗದಗಿನ ಕಡೆಯವಳು. ನಾನು ಕೀಲಿ ತಿರುಗಿಸಿದ ಕೂಡಲೇ, ಗಾಡಿ ಇನ್ನೂ ಒಂದು ಗೇಣೂ ಸರಿದಿರದಿದ್ದರೂ, “ಸಾವಕಾಶ ಹೋಗ್ರಿ” ಎನ್ನುತ್ತಿದ್ದಳು. ಬೇರೆಯವರು ಪ್ರಯಾಣದ ಮೊದಲು ಗಣಪತಿಯನ್ನು ನೆನೆದಂತೆ ಅವಳಿಗೆ ಇದು. ಸ್ಟಿಯರಿಂಗ್ ಪಕ್ಕದಲ್ಲಿ ‘ಸ್ಪೋರ್ಟ್’ ಎಂದು ಬರೆದ ಗುಂಡಿಯೊಂದಿತ್ತು. ಅದನ್ನು ಒತ್ತಿದರೆ ಕಾರಿನ ಗುಣವೇ ಬದಲಾಗುತ್ತದೆಂದು ಮಾರಿದವನು ಹೇಳಿದ್ದ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಮನೆಯಲ್ಲಿ ಮತ್ತೊಬ್ಬರ ಗುಣ ಬದಲಾಗುವುದು ನನಗೆ ಬೇಡವಾಗಿತ್ತು. ವಾರಕ್ಕೊಮ್ಮೆ ಆ ಗುಂಡಿಯ ಧೂಳು ಒರೆಸುತ್ತಿದ್ದೆ, ಅಷ್ಟೇ.

ಹೀಗೆ ಸುಖವಾಗಿದ್ದಾಗ ಶಕುಂತಲೆಯ ಮೊಣಕಾಲು ನೋಯಲು ಶುರುವಾಯಿತು. ಆ ಕಾರಿನಲ್ಲಿ ಕೂರುವುದು ಕಷ್ಟವಲ್ಲ, ಬಿಟ್ಟರೆ ತಾನೇ ಬಿದ್ದಂತೆ ಕೂರಬಹುದು. ಏಳುವುದೇ ಕಷ್ಟ. ಬಾಗಿಲು ತೆರೆದು, ಎದುರು ನಿಂತು, ಅವಳ ಎರಡೂ ಕೈ ಹಿಡಿದು ನಾನು ಎಳೆಯಬೇಕಾಗುತ್ತಿತ್ತು. ಬಾವಿಯಿಂದ ಕೊಡ ಎತ್ತಿದ ಹಾಗೆ. ಸಂತೆಯಲ್ಲಿ ಜನ ನಿಂತು ನೋಡತೊಡಗಿದರು. ಮೊದಮೊದಲು ಅವಳೂ ನಕ್ಕಳು. ಆಮೇಲೆ “ನೀವ ಹೋಗಿ ಬರ್ರಿ, ನನಗ ಮನ್ಯಾಗ ಕೆಲಸ ಐತಿ” ಎನ್ನಲು ಶುರುಮಾಡಿದಳು. ಭಾನುವಾರ ನಾನೊಬ್ಬನೇ ಹೋಗಿ ತಂದ ಮೆಂತ್ಯ ಬಲಿತಿರುತ್ತಿತ್ತು, ಬದನೆಕಾಯಿಯಲ್ಲಿ ಹುಳ ಇರುತ್ತಿತ್ತು. ಪಕ್ಕದ ಸೀಟಿನಲ್ಲಿ ಚೀಲ ಕೂತಿರುತ್ತಿತ್ತು. ಅದನ್ನು ನೋಡಿ ನನಗೆ ನಿಜವಾಗಿಯೂ ಬೇಸರವಾಗುತ್ತಿತ್ತು. ಅವಳು ಪಕ್ಕದಲ್ಲಿ ಕೂರಬೇಕಾದರೆ ಎತ್ತರದ ಕಾರು ಬೇಕು, ಎತ್ತರದ ಕಾರು ಬರಬೇಕಾದರೆ ಕೆಂಪು ಕಾರು ಹೋಗಬೇಕು. ಮನೆಯ ಮುಂದೆ ಜಾಗ ಇರುವುದು ಒಂದಕ್ಕೇ.

ಮಾರುವುದೆಂದರೆ ಜಾಹೀರಾತು ಬರೆಯಬೇಕು. ನಮ್ಮ ಹಳೆಯ ಕವಿಗಳು ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳು ಬೇಕೆಂದು ವಿಧಿಸಿದರು. ಸಮುದ್ರ, ಪರ್ವತ, ಚಂದ್ರೋದಯ ಎಲ್ಲ ಇವೆ, ಹಳೆಯ ವಾಹನವನ್ನು ಮಾರುವ ವರ್ಣನೆ ಮಾತ್ರ ಇಲ್ಲ. ಪ್ರಾಯಶಃ ಅದರಲ್ಲಿ ಉತ್ಪ್ರೇಕ್ಷೆಯ ಅಲಂಕಾರವೊಂದೇ ಬಳಕೆಗೆ ಬರುತ್ತದೆಂದು ಬಿಟ್ಟಿರಬೇಕು. ನಾನು ಹಾಗಲ್ಲ, ಸತ್ಯವನ್ನೇ ಬರೆದೆ: ‘ಒಬ್ಬರೇ ಮಾಲೀಕರು. ಗಂಟೆಗೆ ಐವತ್ತು ಕಿಲೋಮೀಟರಿನ ಮೇಲೆ ಎಂದೂ ಓಡಿಸಿಲ್ಲ. ಸ್ಪೋರ್ಟ್ ಗುಂಡಿ ಒಮ್ಮೆಯೂ ಒತ್ತಿಲ್ಲ. ಬಿಸಿಲಿಗೆ ಸೀರೆ ಹೊದಿಸಿ ನಿಲ್ಲಿಸಿದ ಕಾರು.’ ಇದಕ್ಕಿಂತ ದೊಡ್ಡ ಹೊಗಳಿಕೆ ನನ್ನ ತಲೆಗೆ ಹೊಳೆಯಲಿಲ್ಲ.

ಮೊದಲು ಬಂದವರು ಬಜಾಜ್ ನಗರದ ಒಬ್ಬ ಸಂಸಾರಸ್ಥರು. ಕಾರಿನ ಸುತ್ತ ಪ್ರದಕ್ಷಿಣೆ ಹಾಕಿ, ಎರಡು ಹೊಗೆಕೊಳವೆಗಳ ಮುಂದೆ ನಿಂತು ಬಹಳ ಹೊತ್ತು ಯೋಚಿಸಿದರು. ಇಂಥ ಗಾಡಿ ಇಟ್ಟುಕೊಂಡವನು ಐವತ್ತರಲ್ಲಿ ಓಡಿಸಿದ್ದಾನೆಂದರೆ ಯಾರು ನಂಬುತ್ತಾರೆ ಎಂದು ಮರಾಠಿಯಲ್ಲಿ ನಯವಾಗಿಯೇ ಕೇಳಿ, ಚಹಾ ಕುಡಿದು ಹೋದರು. ಅವರ ದೃಷ್ಟಿಯಲ್ಲಿ ನಾನು ಮನೆಯಲ್ಲಿ ಪಾಪದವನಂತೆ ಇದ್ದು, ಹೊರಗೆ ಹೋಗಿ ರೇಸ್ ಆಡುವವನು. ಅಷ್ಟು ಹೊತ್ತು ಯಾರೋ ನನ್ನನ್ನು ಹಾಗೆ ಭಾವಿಸಿದರಲ್ಲ ಎಂದು ನನಗೆ ಒಳಗೊಳಗೇ ಖುಷಿಯಾಯಿತು.

ಆಮೇಲೆ ಬಂದ ತರುಣರಿಬ್ಬರು ನನ್ನ ಮಾತನ್ನು ಪೂರ್ತಿ ನಂಬಿದರು. ತೊಂದರೆಯಾದದ್ದು ಅದರಿಂದಲೇ. ಹುಲಿ ಸಾಕಿ, ಅದಕ್ಕೆ ಏಳು ವರ್ಷ ಮೊಸರನ್ನ ಹಾಕಿದವನನ್ನು ನೋಡುವಂತೆ ನನ್ನನ್ನು ನೋಡಿದರು. ಇಂಥ ಇಂಜಿನ್ನನ್ನು ಆಗಾಗ ಚೆನ್ನಾಗಿ ಓಡಿಸದಿದ್ದರೆ ಒಳಗೆಲ್ಲ ಮಸಿ ಕಟ್ಟಿಕೊಳ್ಳುತ್ತದಂತೆ. ಹೋಗುವಾಗ ಒಬ್ಬ ಬಾನೆಟ್ಟನ್ನು ಮೆಲ್ಲಗೆ ತಟ್ಟಿದ. ರೋಗಿಯ ಹೆಗಲು ತಟ್ಟಿದ ಹಾಗಿತ್ತು.

ಒಬ್ಬರು ನಂಬದೆ ಹೋದರು, ಇನ್ನಿಬ್ಬರು ನಂಬಿ ಹೋದರು. ಜಾಹೀರಾತನ್ನು ಬದಲಾಯಿಸಬಹುದಿತ್ತು. ನಾನು ಬದಲಾಯಿಸಲಿಲ್ಲ. ಅದು ಮಾರಾಟವಾಗದೆ ಇರಲಿ ಎಂಬ ಆಸೆ ನನ್ನೊಳಗೆ ಎಲ್ಲೋ ಕೂತಿತ್ತು. ಆದರೆ ಅಡುಗೆಮನೆಯಿಂದ ಪಡಸಾಲೆಗೆ ಬರುವಾಗ ಶಕುಂತಲೆ ಗೋಡೆ ಹಿಡಿಯುವುದನ್ನು ನೋಡಿದಾಗಲೆಲ್ಲ ನನ್ನ ಬಗ್ಗೆಯೇ ಸಿಟ್ಟು ಬರುತ್ತಿತ್ತು.

ಕೊನೆಗೆ ವೈಷ್ಣವಿ ಬಂದಳು. ಬೆಂಗಳೂರಿನ ಹುಡುಗಿ, ವಿಮಾನ ನಿಲ್ದಾಣದ ಪಕ್ಕದ ಮಿಹಾನ್ ಕೈಗಾರಿಕಾ ಪ್ರದೇಶದಲ್ಲಿ ವಿಮಾನಗಳ ರಿಪೇರಿ ಮಾಡುವ ಇಂಜಿನಿಯರು. ಬಾಗಿಲಲ್ಲೇ ನಮ್ಮ ಮಾತು ಕೇಳಿ, “ಅಯ್ಯೋ ಆಂಟಿ, ನೀವು ಕನ್ನಡದವ್ರಾ?” ಎಂದಳು. ಅಲ್ಲಿಂದ ಮುಂದೆ ನಾನು ಮಾಲೀಕನಾಗಿ ಉಳಿಯಲಿಲ್ಲ. ಅವಲಕ್ಕಿ ಬಂತು, ಚಟ್ನಿಪುಡಿ ಬಂತು. ಅವಳು ತಿಂದು ಕೈತೊಳೆದು, ಜಾಹೀರಾತು ಓದಿ ನಗು ಬಂತೆಂದು ಒಪ್ಪಿಕೊಂಡಳು. “ಮಸಿ ಇದ್ರೆ ತೆಗೀಬೋದು ಅಂಕಲ್. ಇಷ್ಟು ಪ್ರೀತಿಯಿಂದ ಇಟ್ಟಿರೋ ಗಾಡಿ ಎಲ್ಲಿ ಸಿಗುತ್ತೆ? ಒಂದ್ ಸಲ ಓಡಿಸಿ ನೋಡ್ತೀನಿ.”

ನಾನು ಮುಂದಿನ ಸೀಟಿಗೆ ಹೊರಟೆ. ಶಕುಂತಲೆ ಚಪ್ಪಲಿ ಮೆಟ್ಟಿಕೊಂಡು ಬಂದು, “ನೀವು ಹಿಂದ ಕೂಡ್ರಿ. ಹೋಗೋದಾದ್ರ ಹೋಗ್ಲಿ, ಇಷ್ಟು ವರ್ಷ ಎಂಥಾದ್ರಾಗ ಕೂತಿದ್ದೆ ಅಂತ ನಾನೂ ನೋಡ್ತೀನಿ” ಎಂದಳು. ಮೊಣಕಾಲಿನ ಮಾತೆತ್ತಿದೆ. ಕೇಳಿಸದವಳಂತೆ ಕೂತೇಬಿಟ್ಟಳು.

ಸ್ವಂತ ಕಾರಿನ ಹಿಂದಿನ ಸೀಟಿನಲ್ಲಿ ಅಂದೇ ಮೊದಲು ಕೂತದ್ದು. ದಿಬ್ಬಗಳನ್ನು ಹುಡುಗಿ ನನ್ನ ಹಾಗೆಯೇ ಓರೆಯಾಗಿ ದಾಟಿದಳು, ಅದರಿಂದ ಸ್ವಲ್ಪ ಸಮಾಧಾನವಾಯಿತು. ಭಾನುವಾರದ ಬೆಳಗ್ಗೆ ಮಿಹಾನ್ ಒಳಗಿನ ಅಗಲವಾದ ರಸ್ತೆಗಳು ಖಾಲಿ ಬಿದ್ದಿರುತ್ತವೆ. ಅಲ್ಲಿ ಅವಳು ಆ ಗುಂಡಿಯನ್ನು ಒತ್ತಿ, “ಆಂಟಿ, ರೆಡಿನಾ?” ಎಂದಳು.

ಮುಟ್ಟಿದ ವೇಗ ದೊಡ್ಡದೇನಲ್ಲ, ರಸ್ತೆಯ ಫಲಕ ಒಪ್ಪುವಷ್ಟೇ. ಆದರೆ ಅದನ್ನು ಮುಟ್ಟಿದ ರೀತಿ ಬೇರೆ. ಸೀಟು ನನ್ನ ಬೆನ್ನನ್ನು ಹಿಂದಿನಿಂದ ಯಾರೋ ತಳ್ಳಿದಂತೆ ತಳ್ಳಿತು. ನನ್ನ ಕನ್ನಡಕ ಜಾರಿತು. ಶಕುಂತಲೆ ಈಗ ಕೂಗುತ್ತಾಳೆ ಎಂದು ಕಿವಿ ಕೊಟ್ಟು ಕೂತೆ. ಅವಳು ನಕ್ಕಳು. ಸಣ್ಣ ನಗುವಲ್ಲ, ಉಯ್ಯಾಲೆ ಜೋರಾಗಿ ಜೀಕಿದಾಗ ಹುಡುಗಿಯರು ನಗುವ ನಗು. ಅದನ್ನು ನಾನು ಕೇಳಿ ಎಷ್ಟು ವರ್ಷವಾಗಿತ್ತೋ. ಆಮೇಲೆ ಅವಳು ಹೇಳಿದ್ದು ಒಂದೇ ಮಾತು: “ಇನ್ನೊಮ್ಮೆ ಒತ್ತವ್ವಾ.”

ನನಗೆ ಸಂತೋಷವೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಮನೆಗೆ ಬಂದ ಮೇಲೆ ಕೇಳಿದೆ, ಹಾಗಾದರೆ ಏಳು ವರ್ಷ ‘ಸಾವಕಾಶ’ ಎಂದದ್ದೇಕೆ ಎಂದು. “ಅದು ಬಾಯಿರೂಢಿ ಅಲ್ಲೇನ್ರೀ? ಹಾಲು ತರೋವ್ನಿಗೂ ಅಂತೀನಿ, ಕೂಲರ್‌ಗೆ ನೀರು ಹಾಕೋವಾಗ ನಿಮಗೂ ಅಂತೀನಿ. ನಿಮಗ ಅಂಜಿಕಿ ಅಂತ ನಾ ಸುಮ್ನಿದ್ದೆ” ಎಂದಳು. ಅವಳಿಗೆ ಅಂಜಿಕೆ ಎಂದು ನಾನು ಸುಮ್ಮನಿದ್ದೆ. ನಡುವೆ ನೂರೆಂಬತ್ತು ಕುದುರೆಗಳು ಸೀರೆ ಹೊದ್ದು ನಿಂತಿದ್ದವು.

ಕಾರು ವೈಷ್ಣವಿಗೇ ಹೋಯಿತು. ಬೆಲೆಯ ಮಾತನ್ನು ನಾನು ಮುಗಿಸಿದೆ, ಷರತ್ತಿನ ಮಾತನ್ನು ಶಕುಂತಲೆ ಮುಗಿಸಿದಳು: ತಿಂಗಳಿಗೊಂದು ಭಾನುವಾರ ತನ್ನನ್ನು ಮಿಹಾನ್ ಕಡೆ ಸುತ್ತಿಸಿಕೊಂಡು ಬರಬೇಕು. ಮೊಣಕಾಲು ಎಂದೆ. ತಿಂಗಳಿಗೊಮ್ಮೆ ನೋಯಲಿ ಬಿಡಿ ಎಂದಳು. ಈಗ ನಮ್ಮ ಮನೆಯ ಮುಂದೆ ಎತ್ತರದ ಬಿಳಿ ಕಾರು ನಿಂತಿದೆ. ಶಕುಂತಲೆ ಅದರೊಳಗೆ ಯಾರ ಕೈಯನ್ನೂ ಹಿಡಿಯದೆ ಹತ್ತಿ, ಯಾರ ಕೈಯನ್ನೂ ಹಿಡಿಯದೆ ಇಳಿದು, ಎಳೆಯ ಮೆಂತ್ಯವನ್ನು ಆರಿಸಿ ತರುತ್ತಾಳೆ. ನಾನು ಬಯಸಿದ್ದೂ ಅದನ್ನೇ. ಆದರೂ ಇಳಿಯುವಾಗ ಅಭ್ಯಾಸಬಲದಿಂದ ನಾನು ಆ ಕಡೆ ಓಡಿಹೋಗಿ ಕೈ ಚಾಚುತ್ತೇನೆ, ಖಾಲಿ ಕೈಗೆ ತರಕಾರಿ ಚೀಲ ಬಂದು ಬೀಳುತ್ತದೆ.

ತಿಂಗಳ ಆ ಭಾನುವಾರ ಮಾತ್ರ ಬೇರೆ. ಹಿಂದಿನ ಸೀಟಿಗೆ ನನ್ನನ್ನು ಕರೆಯುವುದಿಲ್ಲ, ಮೂರನೆಯವರಿದ್ದರೆ ಗಾಡಿ ಭಾರವಾಗುತ್ತದಂತೆ. ನಾನು ಗೇಟಿನ ಬಳಿ ಕಾಯುತ್ತೇನೆ. ತಿರುವಿನಲ್ಲಿ ಆ ಎರಡು ಕೊಳವೆಗಳ ದನಿ ಕೇಳುತ್ತದೆ, ದಿಬ್ಬಗಳನ್ನು ಓರೆಯಾಗಿ ದಾಟಿ ಕೆಂಪು ಕಾರು ಬಂದು ನಿಲ್ಲುತ್ತದೆ. ಕೂದಲು ಕೆದರಿ, ಮುಖ ಕೆಂಪಾದ ನನ್ನ ಹೆಂಡತಿ ಕೆಳಗಿನಿಂದ ಎರಡೂ ಕೈಗಳನ್ನು ನನ್ನತ್ತ ನೀಡುತ್ತಾಳೆ. ನಾನು ಕಾಲೂರಿ ನಿಂತು ಹಿಡಿದುಕೊಳ್ಳುತ್ತೇನೆ.

“ಸಾವಕಾಶ” ಎನ್ನುತ್ತಾಳೆ. ಈಗ ನನಗೆ ಯಾವ ಅವಸರವೂ ಇಲ್ಲ.