ಒಂದರ ಕೀ ಇಲ್ಲದ ಟೈಪ್‌ರೈಟರ್

ಇಷ್ಟು ವರ್ಷ ಕಳೆದರೂ ಆ ‘ಕುಂಯ್’ ಶಬ್ದ ನೆನಪಾದರೆ ಮೈ ಉರಿಯುತ್ತದೆ. ತೊಂಬತ್ತರ ದಶಕದ ಮೊದಲ ದಿನಗಳು. ಮುಲುಂಡಿನಿಂದ ದಾದರಿಗೆ ಹೋಗಿ, ಲೋಕಲ್ ರೈಲು ಬದಲಿಸಿ, ಜೋಗೇಶ್ವರಿಯ ಪುಟ್ಟ ಸಾಫ್ಟ್‌ವೇರ್ ಕಚೇರಿ ಸೇರುತ್ತಿದ್ದೆ. ಪ್ರೋಗ್ರಾಂ ಬರೆಯುವವರು ಬೇರೆ. ಅದನ್ನು ಬಳಸುವುದು ಹೇಗೆಂಬ ಕೈಪಿಡಿ ಬರೆಯುವುದು ನನ್ನ ಕೆಲಸ.

ಮಲಾಡಿನ ಒಂದು ಆಸ್ಪತ್ರೆಗೆ ರೋಗಿಗಳ ನೋಂದಣಿಯ ಪ್ರೋಗ್ರಾಂ ಕೊಟ್ಟಿದ್ದೆವು. ಕೌಂಟರಿನಲ್ಲಿ ಉಡುಪಿ ಕಡೆಯ ಹೆಂಗಸೊಬ್ಬರು, ಇಪ್ಪತ್ತು ವರ್ಷ ಟೈಪಿಸ್ಟ್ ಆಗಿದ್ದವರು. ಅವರು ವಿವರ ತುಂಬುವಾಗ ಪದೇ ಪದೇ ಕಂಪ್ಯೂಟರ್ ಕುಂಯ್ ಎಂದು ತಪ್ಪು ತೋರಿಸುತ್ತಿತ್ತು. ಸಾಲು ಬಾಗಿಲಾಚೆಗೂ ಬೆಳೆಯುತ್ತಿತ್ತು. ಶನಿವಾರದೊಳಗೆ ಸರಿಹೋಗದಿದ್ದರೆ ಅವರನ್ನು ಕೌಂಟರಿನಿಂದ ಎಬ್ಬಿಸಿ ಚಾದರಗಳ ಸ್ಟೋರಿಗೆ ಹಾಕುವುದಾಗಿ ಆಸ್ಪತ್ರೆಯ ಮ್ಯಾನೇಜರ್ ಹೇಳಿದ್ದರು.

ನಮ್ಮ ಪ್ರೋಗ್ರಾಮರ್ ಬೆಂಗಳೂರಿನವನು. ನಕ್ಕುಬಿಟ್ಟ.

“ಮೇಡಂ, ನಾವಿಲ್ಲಿ ನೂರು ಸಲ ನೋಡಿದೀವಿ, ಎಲ್ಲಾ ಸರಿಯಾಗಿದೆ. ಆಯಮ್ಮಂಗೆ ತಲೆ ಇಲ್ಲ ಅಷ್ಟೆ. ನಿಮ್ ಪುಸ್ತಕಕ್ಕೆ ಇನ್ನೆರಡು ಪುಟ ಸೇರಿಸಿ.”

“ನೋಡಿದೋರು ಯಾರಪ್ಪ? ಬರೆದೋರೇ ತಾನೆ? ಅಡುಗೆ ಮಾಡಿದೋಳೇ ಉಂಡು ಚೆನ್ನಾಗಿದೆ ಅಂದ್ರೆ ಆಗೋಯ್ತಾ?”

ಮರುದಿನ ಮಲಾಡಿಗೆ ಹೋಗಿ, ಆಕೆಯ ಹಿಂದೆ ಸ್ಟೂಲ್ ಎಳೆದುಕೊಂಡು ಕೂತೆ. ಏನೂ ಹೇಳಿಕೊಡದೆ ಬೆರಳುಗಳನ್ನಷ್ಟೇ ನೋಡಿದೆ. ಅರ್ಧ ಗಂಟೆ ಸಾಕಾಯಿತು. ವಯಸ್ಸು ಮೂವತ್ತೊಂದು ಎಂದು ಹೊಡೆಯುವಾಗ ಬೆರಳು ಒಂದರ ಕೀ ಕಡೆ ಹೋಗಲೇ ಇಲ್ಲ. ಇಂಗ್ಲಿಷಿನ ಸಣ್ಣ ಎಲ್ ಅಕ್ಷರವನ್ನು ಒತ್ತಿತು. ಕುಂಯ್!

“ಇದ್ಯಾಕಕ್ಕ, ಎಲ್ ಒತ್ತಿದ್ರಿ?”

“ಮತ್ತೆ ಎಂತ ಒತ್ತೂದು ಮಾರಾಯ್ತಿ? ನಮ್ಮ ಹಳೇ ಟೈಪಿಂಗ್ ಮಿಷಿನಲ್ಲಿ ಒಂದರ ಕೀಯೇ ಇಲ್ಲ. ಕ್ಲಾಸಲ್ಲಿ ಕಲಿಸಿದ್ದೇ ಹಾಗೆ. ಕಾಗದದ ಮೇಲೆ ಎರಡೂ ಒಂದೇ ಕಾಣ್ತದೆ.”

ಕಂಪ್ಯೂಟರಿಗೆ ಒಂದು ಅಂಕಿ, ಇನ್ನೊಂದು ಅಕ್ಷರ. ನನ್ನ ದಪ್ಪ ಕೈಪಿಡಿಯಲ್ಲಿ ಇದರ ಸುದ್ದಿಯೇ ಇರಲಿಲ್ಲ. ಒಂದರ ಕೀ ತೋರಿಸಿದೆ. ಆದರೆ ಸಾಲಿನವರು “ಜಲ್ದಿ ಕರೋ ಬಾಯಿ” ಎಂದು ಅವಸರಪಡಿಸಿದೊಡನೆ ಬೆರಳು ಹಳೆಯ ದಾರಿಯನ್ನೇ ಹಿಡಿಯುತ್ತಿತ್ತು. ತಿದ್ದಬೇಕಾದದ್ದು ಪ್ರೋಗ್ರಾಮನ್ನು.

ಮಾರನೆಯ ದಿನ ನಮ್ಮ ಕೆಳಮಹಡಿಯ ಕಾರ್ಖಾನೆಯ ಇಬ್ಬರು ಟೈಪಿಸ್ಟರನ್ನು ಚಹಾದ ಆಸೆ ತೋರಿಸಿ ಮೇಲಕ್ಕೆ ಕರೆತಂದೆ. ಪ್ರೋಗ್ರಾಮರನನ್ನು ಅವರ ಹಿಂದೆ ಕೂರಿಸಿ, “ಬಾಯಿ ಬಿಟ್ಟೆಯೋ ನೋಡು” ಎಂದೆ. ಇಬ್ಬರೂ ಎಲ್ ಒತ್ತಿದರು.

“ಇವರಿಗೂ ತಲೆ ಇಲ್ವಾ?” ಎಂದು ಕೇಳಿದೆ.

ಅವನು ಕುರ್ಚಿ ಎಳೆದುಕೊಂಡು ತನ್ನ ಕಂಪ್ಯೂಟರಿನ ಮುಂದೆ ಕೂತ. ಎಲ್ ಬಂದರೆ ಒಂದೆಂದು ಓದಿಕೊಳ್ಳುವಂತೆ ಊಟದ ಹೊತ್ತಿಗೆ ನಾಲ್ಕು ಸಾಲು ಬರೆದುಕೊಟ್ಟ. ನಾಲ್ಕೇ ಸಾಲು!

ಶನಿವಾರ ಬೆಳಿಗ್ಗೆ ತಿದ್ದಿದ ಪ್ರೋಗ್ರಾಮಿನ ಫ್ಲಾಪಿ ಹಿಡಿದು ಆಸ್ಪತ್ರೆಗೆ ಓಡಿದೆ. ಕೌಂಟರಿನಲ್ಲಿ ಬೇರೆ ಯಾರೋ ಕೂತಿದ್ದರು. ಶುಕ್ರವಾರವೇ ಎಬ್ಬಿಸಿದ್ದರಂತೆ. ಸ್ಟೋರಿನಲ್ಲಿ ಚಾದರ ಮಡಿಸುತ್ತಿದ್ದ ಆಕೆಗೆ, ತಪ್ಪು ನಮ್ಮದೆಂದೆ.

“ನಂಗೆ ಹೇಳಿ ಎಂತ ಮಾಡೂದು? ಮೇಲೆ ಹೋಗಿ ಆ ಮ್ಯಾನೇಜರಿಗೆ ಹೇಳು. ಬರ್ದು ಕೊಡು.”

ನಮ್ಮ ಯಜಮಾನರು ಪತ್ರಕ್ಕೆ ಸಹಿ ಹಾಕಲಿಲ್ಲ. ಕಂಪನಿಯ ಹೆಸರು ಕೆಡುತ್ತದಂತೆ! ಆಕೆಯ ಹೆಸರು ಕೆಟ್ಟರೆ ಇವರಿಗೇನು? ತಪ್ಪು ಟೈಪಿಸ್ಟರದಲ್ಲ, ಪ್ರೋಗ್ರಾಮಿನದು ಎಂದು ನಾನೇ ಬರೆದು, ನಾನೇ ಸಹಿ ಹಾಕಿ ಮ್ಯಾನೇಜರ ಕೈಗಿತ್ತು ಬಂದೆ.

ಎರಡು ತಿಂಗಳ ಮೇಲೆ ಆಕೆಯನ್ನು ಮತ್ತೆ ಕೌಂಟರಿಗೆ ಕರೆದರು. ಕೂರಿಸುವಾಗ ಆ ಮ್ಯಾನೇಜರ್ ಕೇಳಿದ್ದು ಇಷ್ಟೇ ಅಂತೆ: “ಈಗಲಾದರೂ ಕಲಿತಿರಾ?”