ಕೆಂಪಾಗದ ಮನೆ

ಗದಗಿನ ನಮ್ಮ ಕಚೇರಿಯಲ್ಲಿ ಜಿಲ್ಲೆಯ ಹೊಸ ವೆಬ್ ನಕ್ಷೆಗೆ ಹುಡುಕಾಟದ ಬಾಕ್ಸು, ದೂರ ಅಳೆಯುವ ಟೂಲುಗಳನ್ನು ಜೋಡಿಸುತ್ತಿದ್ದವರು ನನ್ನ ಪಕ್ಕದ ಮೇಜಿನ ಸಹೋದ್ಯೋಗಿ. ಹೊಸ ಟೂಲು ಸಿದ್ಧವಾದರೆ ಪೆನ್ನಿನ ಮುಚ್ಚಳ ಕಚ್ಚುತ್ತ, ಮುಂಡರಗಿ ಕಡೆ ಹೊಳೆದಂಡೆಯಲ್ಲಿದ್ದ ತಮ್ಮ ತಾಯಿಯ ಮನೆಯ ಮೇಲೆಯೇ ಪರೀಕ್ಷೆ ಮಾಡುತ್ತಿದ್ದರು. "ಮದಲ ನಮ್ಮ ಮನಿ ತೋರಸ್ಲಿ, ಆಮ್ಯಾಲೆ ಊರ ಮನಿ" ಎನ್ನುವುದು ಅವರ ಮಾತು.

ಆ ಮಳೆಗಾಲ ಮೇಲಿನ ಅಣೆಕಟ್ಟೆಯಿಂದ ಹೊಳೆಗೆ ನೀರು ಬಿಡುತ್ತಾರೆಂದು ಖಬರು ಬಂತು. ಹೊಳೆಯಿಂದ ಇಷ್ಟು ದೂರ ಎಂದು ಕೊಟ್ಟರೆ ಅದರೊಳಗಿನ ಮನೆಗಳು ಕೆಂಪಾಗುವ ಟೂಲನ್ನು ಅವರು ಮಾಡಿದ್ದರು. ಕೆಂಪಾದ ಮನೆಗಳನ್ನು ಸಂಜೆಯೊಳಗೆ ಖಾಲಿ ಮಾಡಿಸಬೇಕಿತ್ತು.

"ಜಲ್ದಿ ನಕ್ಷೆ ಕಳಸ್ರಿ" ಎಂದು ಸಾಹೇಬರು ಬಾಗಿಲಲ್ಲೇ ನಿಂತಿದ್ದರು.

ಟೂಲು ಒತ್ತಿದರೆ ಸಹೋದ್ಯೋಗಿಯ ತಾಯಿಯ ಮನೆ ಕೆಂಪಾಗಲಿಲ್ಲ. "ನಿಮ್ಮ ಮನಿ ಬಚಾವಾತಲ್ರಿ" ಎಂದೆ ನಾನು.

ಅವರು ನಗಲಿಲ್ಲ. ನಕ್ಷೆಯನ್ನು ಹಿಗ್ಗಿಸಿ ನೋಡಿದರು. "ಹೊಳಿ ತುಂಬಿದಾಗೆಲ್ಲಾ ನಮ್ಮ ಹಿತ್ತಲಕ್ಕ ನೀರು ಬರತೈತ್ರಿ. ಮತ್ಯಾಕ ಕೆಂಪ ಆಗವಲ್ದು?"

ಸಾಹೇಬರು ಮತ್ತೆ ಕೂಗಿದರು. ಆದರೆ ಸಹೋದ್ಯೋಗಿ ನಕ್ಷೆ ಕಳಿಸಲಿಲ್ಲ, ಹುಡುಕುತ್ತಲೇ ಇದ್ದರು. ಕೊನೆಗೆ ತಪ್ಪು ಸಿಕ್ಕಿತು. ಹೊಳೆಯ ನಡುವೆ ಎಳೆದ ಗೆರೆಯಿಂದ ಟೂಲು ದೂರ ಅಳೆಯುತ್ತಿತ್ತು. ಕೊಟ್ಟ ದೂರದಲ್ಲಿ ಒಂದಷ್ಟು ಹೊಳೆಯ ಅರ್ಧ ಅಗಲಕ್ಕೇ ಮುಗಿದುಹೋಗುತ್ತಿತ್ತು. ದಂಡೆಯಿಂದ ಅಳೆಯುವಂತೆ ತಿದ್ದಿ ಮತ್ತೆ ಒತ್ತಿದರು. ಓಣಿಗೆ ಓಣಿಯೇ ಕೆಂಪಾಯಿತು, ಅವರ ಮನೆಯೂ.

"ಹಾಂ, ಈಗ ಖರೆ ಆತು" ಎಂದು ನಿಟ್ಟುಸಿರು ಬಿಟ್ಟು ನಕ್ಷೆಯನ್ನು ಕಳಿಸಿದರು.

ಆಮೇಲೆ ಫೋನು ತೆಗೆದರು. ಊರಿಗೆ ನಂಬರು ಒತ್ತಿದರು.

"ಅವ್ವಾ," ಎಂದರು, "ಎಮ್ಮಿ ಬಿಚ್ಚು."